ಬೂದಿ ಹಚ್ಚಿದ ಕೈಗಳು

ಮೊನ್ನೆ ದೇವರ ಗೂಡು ಒರೆಸುವಾಗ ವಿಭೂತಿ ಗಟ್ಟಿ ಕೈಜಾರಿ ಬಿದ್ದು ಪುಡಿಯಾಯಿತು. ಬಳಿದು ಎತ್ತಿದೆ. ಬೆರಳಿಗೆ ಮೆತ್ತಿದ ಆ ಒಣ ವಾಸನೆಗೆ ಆಂಧ್ರದ ಎಮ್ಮಿಗನೂರಿನ ನಮ್ಮ ಓಣಿ, ಹಿಂದಿನ ಮನೆಯ ದೊಡ್ಡವ್ವ, ಅವರ ಮಗ್ಗ ಎಲ್ಲ ಒಟ್ಟಿಗೆ ಎದುರು ಬಂದು ಕೂತವು...

ದೊಡ್ಡವ್ವ ನಮಗೆ ಬಂಧುವಲ್ಲ. ನಮ್ಮ ಹಿತ್ತಲಿಗೆ ಅವರ ಹಿತ್ತಲು ಹೊಂದಿಕೊಂಡಿತ್ತು, ಅಷ್ಟೆ. ನನ್ನ ಮುಖಕ್ಕೂ ಕೈಗಳಿಗೂ ತೊನ್ನು ಹರಡಿದ ಮೇಲೆ ನಾನು ಕಾಲೇಜು ಬಿಟ್ಟಿದ್ದೆ. ಅದು ಅಂಟುವಂಥದ್ದಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೂ ಮನೆಗೆ ಯಾರಾದರೂ ಬಂದರೆ ಅವ್ವ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದಳು. ನಾನು ಹಿಂದಿನ ಕೋಣೆಗೆ ಸರಿಯುತ್ತಿದ್ದೆ. ತಂಗಿಯ ಮದುವೆ ಆಗುವ ತನಕ ಎಂದು ಒಂದು ಮಾತು, ಅಷ್ಟೇ. ಬೈಗುಳವಿರಲಿಲ್ಲ. ಆ ಕೋಣೆಯ ಚಿಲಕ ಇದ್ದದ್ದು ಒಳಗಡೆ. ಹಾಕಿಕೊಳ್ಳುತ್ತಿದ್ದವಳು ನಾನೇ.

ಒಂದು ಮಧ್ಯಾಹ್ನ ದೊಡ್ಡವ್ವ ಹಿತ್ತಲ ಗೋಡೆಯಾಚೆಯಿಂದ ಕೂಗಿದರು. "ಏ ಹುಡುಗಿ, ನಿನಗ ತೆಲುಗು ಓದಾಕ ಬರ್ತೈತಲ್ಲ? ನನ್ನ ಮಗಳು ಒಂದು ಕಥಿ ಪುಸ್ತಕ ಬಿಟ್ಟು ಹೋಗ್ಯಾಳ. ಬಾ, ಓದಿ ಹೇಳು. ಎಳಿ ಹೊಸಿಯಾಕ ಕುಂತ್ರ ಹೊತ್ತ ಹೋಗಂಗಿಲ್ಲ."

ನೇಯುವವರ ಮನೆಯಲ್ಲಿ ಒಂದು ರೂಢಿ. ಹಾಸು, ಅಂದರೆ ಉದ್ದಕ್ಕೆ ಹೂಡಿದ ನೂಲು, ಮುಗಿದರೂ ಮಗ್ಗವನ್ನು ಬರಿದು ಮಾಡುವುದಿಲ್ಲ. ಹಳೆಯ ನೂಲಿನ ತುದಿಗಳನ್ನು ಬಾಚಣಿಗೆಯಂಥ ಹಣಿಗೆಯಲ್ಲೇ ಉಳಿಸಿ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಅವಕ್ಕೆ ಹೊಸೆದು ಸೇರಿಸುತ್ತಾರೆ. ನೂಲು ಜಾರದಿರಲೆಂದು ಬೆರಳಿಗೆ ಬೂದಿ ಹಚ್ಚಿಕೊಳ್ಳುತ್ತಾರೆ. ದೊಡ್ಡವ್ವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಹೊಸೆಯುತ್ತಿದ್ದರು, ನಾನು ಹಿತ್ತಲಿನಿಂದಲೇ ಹೋಗಿ ಪಕ್ಕದಲ್ಲಿ ಕೂತು ಓದುತ್ತಿದ್ದೆ.

ಅದೊಂದು ಮಾಯಾಲೋಕದ ಕಾದಂಬರಿ. ಕೋಟೆಯೊಳಗೆ ಒಬ್ಬ ವೈದ್ಯೆ. ಅವಳು ಮುಟ್ಟಿದರೆ ಎಂಥ ಗಾಯವೂ ಮಾಯುತ್ತದೆ, ಆದರೆ ಮಾಯಿದ ಗಾಯದ ಗುರುತು ಅವಳ ಮೈಮೇಲೆ ಮೂಡುತ್ತದೆ. ಅಂಥ ಮೈಯನ್ನು ಯಾರಿಗೂ ತೋರಿಸಲಾರದೆ ಅವಳು ಕೋಟೆಯ ಹೊರಗೆ ಕಾಲಿಡುವುದಿಲ್ಲ. ಕುದುರೆ ಲಾಯದ ಕುಂಟನೊಬ್ಬ ಕಾಲು ತೋರಿಸಲು ಬರುತ್ತಾನೆ. ಅವಳ ಕೈ ಕಂಡವನೇ, ಕಾಲು ಹೀಗೇ ಇರಲಿ ಎಂದು ಅಲ್ಲೇ ಉಳಿದುಬಿಡುತ್ತಾನೆ. ಸಂಜೆಯಾದರೆ ಅವಳ ಬಾಗಿಲಿಗೆ ದೀಪ ತಂದಿಡುತ್ತಾನೆ. ಪುಟಗಟ್ಟಲೆ ಬರೀ ದೀಪ.

"ಇವ ಬಾಯಿ ಬಿಡೋದು ಯಾವಾಗಪ್ಪ?" ಎನ್ನುತ್ತಿದ್ದರು ದೊಡ್ಡವ್ವ. "ನಮ್ಮನಿಯಾವಗ ಇಪ್ಪತ್ತು ವರ್ಷ ಹಿಡೀತು. ಅದೂ ಏನಂದ, ಸಾರಿಗೆ ಉಪ್ಪು ಸರಿ ಐತಿ ಅಂದ."

ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ಅವರ ಗಂಡ ತಲೆ ಎತ್ತದೆ ಹೇಳಿದರು. "ಅವತ್ತ ಸರಿ ಇತ್ತು. ಅದಕ್ಕ ಅಂದೆ."

ಒಂದು ದಿನ "ಕಥಿ ಸಾಕು, ನೀನೂ ಹೊಸಿ" ಎಂದು ದೊಡ್ಡವ್ವ ಬೂದಿ ಡಬ್ಬಿಯನ್ನು ನನ್ನತ್ತ ತಳ್ಳಿದರು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಆಗ ನೆರೆಯವರು ನನ್ನ ಕೈಯಿಂದ ನೀರು ಸಹ ಇಸಿದುಕೊಳ್ಳುತ್ತಿರಲಿಲ್ಲ. ದೊಡ್ಡವ್ವ ನನ್ನ ಬೆರಳು ಹಿಡಿದು ಡಬ್ಬಿಯಲ್ಲಿ ಅದ್ದಿದರು. ಸ್ವಲ್ಪ ಹೊತ್ತಿಗೆ ಹಾಸಿನ ಮೇಲೆ ಓಡಾಡುತ್ತಿದ್ದ ನಾಲ್ಕೂ ಕೈಗಳು ಒಂದೇ ಬಣ್ಣವಾಗಿದ್ದವು.

ಕಾದಂಬರಿ ಮುಗಿದ ದಿನ ತಂಗಿಯನ್ನು ನೋಡಲು ಕರ್ನೂಲಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಅವರು ಹೋಗುವ ತನಕ ದೊಡ್ಡವ್ವನ ಮನೆಯಲ್ಲೇ ಇರು ಎಂದು ಅವ್ವ ಕಳಿಸಿದ್ದಳು. ಕೊನೆಯ ಅಧ್ಯಾಯದಲ್ಲಿ ವೈದ್ಯೆ ದೀಪ ಹಿಡಿದು ಕೋಟೆಯ ಬಾಗಿಲು ದಾಟುತ್ತಾಳೆ. ಆ ಕುಂಟ ಅವಳ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುತ್ತಾನೆ. ನಾನು ಪುಸ್ತಕ ಮುಚ್ಚಿ, ಹೊಸೆಯಲು ಬೆರಳಿಗೆ ಬೂದಿ ಹಚ್ಚಿಕೊಂಡೆ.

"ಮೈಮ್ಯಾಗಿನ ಗುರುತು ಹೋದ್ವೇನು?" ದೊಡ್ಡವ್ವ ಕೇಳಿದರು.

"ಇಲ್ಲ."

"ಹೋಗದಿದ್ರೂ ಹೊರಗ ಬಂದ್ಲು?"

"ಹೂಂ."

"ಮತ್ತ ನೀ ಯಾಕ ಹಿತ್ತಲದಾಗಿಂದ ಬರ್ತಿ?"

ದೊಡ್ಡವ್ವ ಮೊಣಕಾಲು ಹಿಡಿದುಕೊಂಡು ಕುಣಿಯಿಂದ ಎದ್ದರು. ಬೀದಿ ಬಾಗಿಲು ತೆರೆದು ಪಕ್ಕಕ್ಕೆ ನಿಂತರು.

ಬೂದಿ ಕೈಯಲ್ಲೇ ಓಣಿ ಸುತ್ತಿಕೊಂಡು ನಮ್ಮ ಮನೆಯ ಮುಂಬಾಗಿಲಿಗೆ ಬಂದೆ. ಒಳಗೆ ಎಲ್ಲರೂ ಕೂತಿದ್ದರು. ಗಂಡಿನ ತಾಯಿ ನನ್ನನ್ನು ನೋಡಿ "ಈ ಅಮ್ಮಾಯಿ ಎವರು?" ಎಂದು ತೆಲುಗಿನಲ್ಲಿ ಕೇಳಿದರು, ಈ ಹುಡುಗಿ ಯಾರೆಂದು. ಅವ್ವ ತಲೆ ತಗ್ಗಿಸಿದಳು. "ಮಾ ಅಕ್ಕ," ನಮ್ಮಕ್ಕ, ಎಂದು ತಂಗಿ ಟೀ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು.

ಆ ಸಂಬಂಧ ಕೂಡಿಬರಲಿಲ್ಲ. ಅವ್ವ ಬಹಳ ದಿನ ನನ್ನೊಂದಿಗೆ ಮಾತಾಡಲಿಲ್ಲ. ತಂಗಿ ಮಾತ್ರ ನನ್ನನ್ನು ದೂರಲಿಲ್ಲ. ಮುಂದೆ ಬೇರೆ ಕಡೆ ಅವಳ ಮದುವೆಯಾಯಿತು. ಅಕ್ಷತೆ ಹಂಚಿದವಳು ನಾನು. ಕೆಲವರು ಕೈ ಚಾಚಲಿಲ್ಲ. ದೊಡ್ಡವ್ವ ಎರಡು ಸಲ ಬಂದು ಇಸಿದುಕೊಂಡರು.

ಈಗ ಆದೋನಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಗಿರಾಕಿಗಳು ಸೀರೆಗೂ ಮೊದಲು ನನ್ನ ಕೈ ನೋಡುತ್ತಾರೆ. ಕೆಲವು ದಿನ ಮತ್ತೆ ಆ ಚಿಲಕ ಹಾಕಿಕೊಳ್ಳಬೇಕೆನಿಸುತ್ತದೆ. ನನ್ನ ಬಾಗಿಲಿಗೆ ಯಾರೂ ದೀಪ ತಂದಿಡಲಿಲ್ಲ. ಅದಕ್ಕೆ ದುಃಖವಿಲ್ಲ ಎಂದರೆ ಸುಳ್ಳಾದೀತು...

ಹೋದ ಚಳಿಗಾಲದಲ್ಲಿ ದೊಡ್ಡವ್ವ ತೀರಿಕೊಂಡರು. ಬೀದಿ ಬಾಗಿಲಿನಿಂದಲೇ ಹೋಗಿ ನೋಡಿಬಂದೆ. ಆಮೇಲೆ ಮಗ್ಗ ಬಿಚ್ಚಿದರು. ಕುಣಿಗೆ ಮಣ್ಣು ತುಂಬಿ ಸಿಮೆಂಟು ಬಳಿದರು. ಹಣಿಗೆಯಲ್ಲಿ ಉಳಿದಿದ್ದ ನೂಲಿನ ತುದಿಗಳಿಗೆ ಮುಂದೆ ಸೇರಿಸಲು ಏನೂ ಬರಲಿಲ್ಲ.

ಮೊನ್ನೆ ಬಿದ್ದ ವಿಭೂತಿಯನ್ನು ಗೂಡಿಗೆ ಸೇರಿಸಿ, ಕೈ ತೊಳೆಯದೆ ಹಾಗೆಯೇ ಮಡಿಲಲ್ಲಿಟ್ಟುಕೊಂಡು ಕೂತೆ. ಬಿಳಿ ಕೈಗಳು ಎರಡೇ ಇದ್ದವು.