ದೇವರ ಮನೆಯ ಟೀ ಪಾಟ್

ಅಜ್ಜಂಪುರದ ನಮ್ಮ ಮನೆಯ ಹಾಲಿನಲ್ಲಿರುವ ಗಾಜಿನ ಕಪಾಟನ್ನು ಕಂಡವರು ಮೊದಲು ನಗುತ್ತಾರೆ. ಸೊಂಡಿಲಿನಿಂದ ಟೀ ಸುರಿಯುವ ಆನೆ, ಕೊಕ್ಕಿನಿಂದ ಸುರಿಯುವ ಕೋಳಿ, ಮುಂಗಾಲೆತ್ತಿ ಕೂತ ಮೊಲ, ಒಂದು ಕಿವಿ ಮುರಿದ ಒಂಟೆ. ಎಲ್ಲವೂ ಪಿಂಗಾಣಿಯ ಟೀ ಪಾಟ್‌ಗಳು. ಇವುಗಳಲ್ಲಿ ಯಾರೂ ಟೀ ಕುಡಿಯುವುದಿಲ್ಲ. ನಮ್ಮ ಮನೆಯ ಟೀ ಸ್ಟೀಲ್ ಪಾತ್ರೆಯಲ್ಲಿ ಕುದ್ದು ಸ್ಟೀಲ್ ಲೋಟಕ್ಕೆ ಬರುತ್ತದೆ, ಅಷ್ಟೆ. ನಡುವಿನ ಶೆಲ್ಫಿನಲ್ಲಿ ಒಂದು ಜಾಗ ಖಾಲಿ ಇದೆ. ಅಲ್ಲಿರಬೇಕಾದ ಹೋರಿ ನಮ್ಮ ದೇವರ ಮನೆಯಲ್ಲಿದೆ.

ಈ ಹುಚ್ಚು ಹತ್ತಿದ್ದು ಕಾನ್ವೆಂಟಿನಲ್ಲಿ. ನಾನೂ ನನ್ನ ತಂಗಿಯೂ ತರೀಕೆರೆಯವರು, ಬೋರ್ಡಿಂಗಿನಲ್ಲಿದ್ದು ಓದಿದವರು. ಸಿಸ್ಟರ್‌ಗಳ ಪಾರ್ಲರಿನಲ್ಲಿ ಕರಿಬೆಕ್ಕಿನ ಆಕಾರದ ಒಂದು ಟೀ ಪಾಟ್ ಇತ್ತು. ಎತ್ತಿದ ಪಂಜದಿಂದ ಟೀ ಬೀಳುತ್ತಿತ್ತು. ನಾವಿಬ್ಬರೂ ಬಾಗಿಲ ಸಂದಿಯಿಂದ ನೋಡುತ್ತ ನಿಂತಿದ್ದರೆ ಒಳಗಿನಿಂದ ಒಬ್ಬ ಸಿಸ್ಟರ್, ಕತ್ತು ತಿರುಗಿಸದೆಯೇ, "ಗರ್ಲ್ಸ್, ಡೋಂಟ್ ಸ್ಟೇರ್" ಎನ್ನುತ್ತಿದ್ದರು. ಮುಂದೆ ನಮ್ಮದೇ ಮನೆಯಲ್ಲಿ, ನಮ್ಮದೇ ಪ್ರಾಣಿಯಿಂದ, ಪ್ರಾಪರ್ ಟೀ ಕುಡಿಯಬೇಕೆಂದು ಹಾಸಿಗೆಯಲ್ಲಿ ಮಲಗಿ ಪ್ಲಾನ್ ಮಾಡುತ್ತಿದ್ದೆವು.

ನಾನು ಮದುವೆಯಾಗಿ ಅಜ್ಜಂಪುರಕ್ಕೆ ಬಂದೆ. ನನ್ನವರದು ತೆಂಗಿನಕಾಯಿ ವ್ಯಾಪಾರ. ತಂಗಿ ಮದುವೆಯಾಗದೆ ಕಡೂರಿನ ಒಂದು ಸ್ಕೂಲಿನಲ್ಲಿ ಟೀಚರ್ ಆದಳು. ನನ್ನ ಕಲೆಕ್ಷನ್ನಿನ ಬಹುಪಾಲು ಅವಳು ಹುಡುಕಿ ತಂದದ್ದೇ. ಲಿಂಗದಹಳ್ಳಿ ಕಡೆಯ ಎಸ್ಟೇಟ್ ಬಂಗಲೆಗಳು ಕೈಬದಲಾದಾಗ ಹಳೆಯ ಸಾಮಾನೆಲ್ಲ ತರೀಕೆರೆಯ ಒಂದು ಗುಜರಿ ಅಂಗಡಿಗೆ ಬರುತ್ತಿತ್ತು. ಅಂಗಡಿಯ ಸಾಹೇಬರು ಪ್ರಾಣಿಯಂಥದ್ದು ಏನೇ ಬಂದರೂ ಅವಳಿಗಾಗಿ ಎತ್ತಿಡುತ್ತಿದ್ದರು. ಅವಳು ಹೋದೊಡನೆ, ಟೀಚರಮ್ಮ, ನಿಮ್ಮ ಜಾನುವಾರು ಬಂದೈತೆ, ಮೇವು ಹಾಕಿ ಸಾಕಾಯ್ತು ಎಂದು ತಮಾಷೆ ಮಾಡುತ್ತಿದ್ದರಂತೆ.

ಹೋರಿ ಸಿಕ್ಕಿದ್ದು ಹಾಗೆ. ಬಿಳಿ ಮೈ, ಅಲ್ಲಲ್ಲಿ ಕಂದು ಮಚ್ಚೆ, ಸುತ್ತಿ ಬೆನ್ನಿಗಂಟಿದ ಬಾಲವೇ ಹಿಡಿ, ತೆರೆದ ಬಾಯೇ ಸ್ಪೌಟ್. ಬೆನ್ನ ಮೇಲೆ ಡುಬ್ಬ. ಆ ಡುಬ್ಬವೇ ಮುಚ್ಚಳ. ಇಂಗ್ಲಿಷಿನವರ ಹಸುವಿಗೆ ಡುಬ್ಬ ಇರುವುದಿಲ್ಲ, ಇದು ಯಾರೋ ನಮ್ಮ ಕಡೆಯ ರಾಸು ನೋಡಿಯೇ ಮಾಡಿದ್ದು ಎಂದು ತಂಗಿ ವಾದಿಸಿದಳು. ಅದನ್ನು ಮಡಿಲಲ್ಲಿಟ್ಟುಕೊಂಡು ಕಡೂರಿನಿಂದ ಪ್ಯಾಸೆಂಜರ್ ಟ್ರೇನಿನಲ್ಲಿ ಬಂದಳು. ಬಂದವಳು ಹಾಲಿನ ಟೇಬಲ್ಲಿನ ಮೇಲೆ ಇಟ್ಟು, ಈ ಒಂದರಲ್ಲಿ ಮಾತ್ರ ನಾವು ಟೀ ಕುಡಿದೇ ಕುಡಿಯುತ್ತೇವೆ ಎಂದು ಅಡಿಗೆಮನೆಗೆ ನೀರಿಡಲು ಹೋದಳು.

ಅಷ್ಟರಲ್ಲಿ ನಮ್ಮ ಅತ್ತೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಧರಿಸಿ ಬಂದರು. ಸೋಮವಾರ. ಟೇಬಲ್ಲಿನ ಮುಂದೆ ನಿಂತು ಕೈಮುಗಿದರು. ಅಮೃತಮಹಲ್ ರಾಸುಗಳನ್ನು ನೋಡಿಕೊಂಡೇ ಬೆಳೆದವರು. ಸುತ್ತ ತಿರುಗಿ ಪರೀಕ್ಷೆ ಮಾಡಿದರು. ಕೊಂಬು ಗಿಡ್ಡವಾಯಿತು, ಮಿಕ್ಕಿದ್ದೆಲ್ಲ ಲಕ್ಷಣವಾಗಿದೆ ಎಂದರು. ಎರಡೂ ಕೈಯಲ್ಲಿ ಎತ್ತಿಕೊಂಡು ದೇವರ ಮನೆಯ ಕಡೆ ನಡೆದರು. ತಂಗಿ ಟೀ ಪುಡಿಯ ಚಮಚ ಹಿಡಿದುಕೊಂಡೇ ಓಡಿ ಬಂದಳು.

"ಅಮ್ಮಾ, ಅದು ಟೀ ಪಾಟ್ ರೀ."

"ಏನಾರ ಆಗ್ಲಿ, ಮುಖ ನೋಡು. ಬಸವಣ್ಣನ ಬಾಯಿಂದ ಟೀ ಬಿಡಿಸ್ತೀಯೇನೇ?"

ತಂಗಿ ನಕ್ಕಳು. ಅವಳ ನಗು ಎಲ್ಲರಿಗೂ ಅಂಟುತ್ತಿತ್ತು, ಅತ್ತೆಯೂ ನಕ್ಕರು. ಆದರೆ ಹೋರಿಯನ್ನು ಬಿಡಲಿಲ್ಲ. ಅದರ ಹಣೆಗೆ ಮೂರು ಗೆರೆ ವಿಭೂತಿ ಎಳೆದು, ಕಡಪ ಕಲ್ಲಿನ ಕಟ್ಟೆಯ ಮೇಲೆ, ಲಿಂಗದ ಎದುರಿಗೆ ಕೂರಿಸಿದರು. ಅಂದಿನಿಂದ ಪ್ರತಿ ಸೋಮವಾರ ಡುಬ್ಬ ತೆಗೆದು ಹಾಲು ತುಂಬುವುದು, ಅದರ ಬಾಯಿಂದಲೇ ಲಿಂಗದ ಮೇಲೆ ಎರೆಯುವುದು. ನೋಡಲು ಚೆನ್ನಾಗಿಯೇ ಇರುತ್ತಿತ್ತು, ನಾನು ಸುಳ್ಳು ಹೇಳುವುದಿಲ್ಲ.

ತಂಗಿ ಬಂದಾಗಲೆಲ್ಲ ಬಾಗಿಲಲ್ಲೇ ಕೇಳುತ್ತಿದ್ದಳು: "ಅಕ್ಕ, ನಮ್ ಬುಲ್ ಇನ್ನೂ ದೊಡ್ಡೀಲೇ ಇದಾನಾ? ಬಿಡಿಸ್ಕೊಂಡ್ ಬಾರೇ." ಬೇರೆಯವರ ಹೊಲ ಮೇಯ್ದ ದನವನ್ನು ದೊಡ್ಡಿಗೆ ಹಾಕುತ್ತಾರಲ್ಲ, ಹಾಗೆ. ಅತ್ತೆ ಒಳಗಿನಿಂದಲೇ, ದಂಡ ಕಟ್ಟಿ ಬಿಡಿಸ್ಕೊ ಎನ್ನುತ್ತಿದ್ದರು. ಇವರಿಬ್ಬರ ಆಟದ ನಡುವೆ ನಮ್ಮ ಟೀ ಮುಂದಕ್ಕೆ ಹೋಗುತ್ತಲೇ ಇತ್ತು. ಆಗಲಿ, ಇನ್ನೊಂದು ಸಲ ಬಂದಾಗ ನೋಡೋಣ ಎಂದುಕೊಳ್ಳುವಷ್ಟು ಟೈಮ್ ಇದೆಯೆಂದೇ ಎಲ್ಲರೂ ನಂಬಿದ್ದೆವು. ಒಂದು ಮಳೆಗಾಲ, ಜ್ವರವೆಂದು ಆಸ್ಪತ್ರೆಗೆ ಸೇರಿದವಳು ಮನೆಗೆ ಬರಲಿಲ್ಲ.

ಅವಳು ಹೋದ ಮೇಲಿನ ಮೊದಲ ಸೋಮವಾರ ಅತ್ತೆ ಹಾಲು ಎರೆಯುವಾಗ ನಾನು ಹೊಸ್ತಿಲ ಹೊರಗೆ ನಿಂತಿದ್ದೆ. ಮಂತ್ರದ ನಡುವೆ ಅವರು ತಟ್ಟನೆ ನಿಲ್ಲಿಸಿ, ತಂಗಿಯ ರಾಗದಲ್ಲೇ, "ಅಮ್ಮಾ, ಅದು ಟೀ ಪಾಟ್ ರೀ" ಎಂದರು. ಸಣ್ಣಗೆ ನಕ್ಕರು. ಸೆರಗಿನಿಂದ ಕಣ್ಣೊರೆಸಿಕೊಂಡು ಮಿಕ್ಕ ಹಾಲು ಎರೆದರು. ಮುಂದಿನ ವಾರವೂ ಅದೇ. ಎಷ್ಟೋ ವರ್ಷ, ಅವರು ಹಾಸಿಗೆ ಹಿಡಿಯುವವರೆಗೆ, ಆ ಮಾತಿಲ್ಲದೆ ನಮ್ಮ ಮನೆಯ ಸೋಮವಾರದ ಪೂಜೆ ಮುಗಿಯಲಿಲ್ಲ. ಸತ್ತವಳನ್ನು ಹೀಗೆ ಕರೆಯಬೇಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಕರೆಯಲಿ ಎಂದೂ ಒಳಗೊಳಗೆ ಅನ್ನಿಸುತ್ತಿತ್ತು.

ಹೋದ ವರ್ಷ ಅತ್ತೆಯೂ ಹೋದರು. ಅದಾದ ಮೇಲೆ ಹೋರಿ ತಿರುಗತೊಡಗಿತು.

ಬೆಳಿಗ್ಗೆ ನಮ್ಮ ಸೊಸೆ ಪೂಜೆ ಮುಗಿಸಿ ಅದನ್ನು ಲಿಂಗದ ಕಡೆಗೆ ಮುಖ ಮಾಡಿಸಿ ಬ್ಯಾಂಕಿಗೆ ಹೋಗುತ್ತಾಳೆ. ಮಾರನೆಯ ದಿನ ನೋಡಿದರೆ ಮುಖ ಬಾಗಿಲಿಗೆ. ಬಾಗಿಲಿನ ನೇರಕ್ಕೆ ಹಾಲಿನಲ್ಲಿ ಅತ್ತೆ ಮಲಗುತ್ತಿದ್ದ ಮಂಚ, ಅದರ ಪಕ್ಕಕ್ಕೆ ಕಪಾಟು. ನನ್ನವರು ಇದರಲ್ಲಿ ಭೂತವೇನೂ ಇಲ್ಲ ಎಂದರು. ಹತ್ತಿರದ ಹಳಿಯ ಮೇಲೆ ಗೂಡ್ಸ್ ಗಾಡಿ ಹೋದಾಗ ಮನೆಯೆಲ್ಲ ನಡುಗುತ್ತದೆ, ಕಲ್ಲು ನುಣ್ಣಗಿದೆ, ಪಾಟಿನ ತಳದಲ್ಲಿ ಒಂದು ಗುಬುಟು ಇದೆ, ಬುಗುರಿಯ ಹಾಗೆ ತಿರುಗುತ್ತದೆ ಎಂದು ಬೆರಳಲ್ಲಿ ತಿರುಗಿಸಿ ತೋರಿಸಿದರು. ಸೈನ್ಸ್ ಓದಿದ ನನಗೂ ಅದು ಸರಿಯೆನಿಸಿತು. ತಳಕ್ಕೆ ದಪ್ಪ ಬಟ್ಟೆ ಹಾಸಿದೆ. ಮತ್ತೆ ತಿರುಗಿತು. ಸೊಸೆ ತಲೆ ಕೆಡಿಸಿಕೊಳ್ಳಲಿಲ್ಲ. ಒಂದೇ ಕಡೆ ಎಷ್ಟು ವರ್ಷ ನೋಡ್ತಾನೆ ಅತ್ತೆ, ಬೇಜಾರಾಗಲ್ವಾ ಅವನಿಗೂ, ಎಂದು ನನ್ನನ್ನೇ ಛೇಡಿಸಿದಳು.

ನನಗೆ ಹೋರಿಯ ಭಯವಿರಲಿಲ್ಲ. ನನ್ನ ಭಯವೇ ಬೇರೆ. ತಂಗಿಯ ದನಿ ನನಗೆ ಮರೆತುಹೋಗುತ್ತಿತ್ತು. ಫೋಟೋಗಳಿವೆ, ಮುಖ ಸಿಗುತ್ತದೆ. ದನಿಗೆ ಏನಿದೆ? ಆ ಕಾಲದಲ್ಲಿ ನಾವು ಯಾರೂ ಯಾರ ಮಾತನ್ನೂ ಹಿಡಿದಿಡಲಿಲ್ಲ. ಕಣ್ಣು ಮುಚ್ಚಿ ಅವಳು "ಅಕ್ಕ" ಎನ್ನುವುದನ್ನು ಕೇಳಿಸಿಕೊಳ್ಳಲು ನೋಡುತ್ತೇನೆ, ಬಾಯಿ ಆಡುತ್ತದೆ, ಸದ್ದು ಬರುವುದಿಲ್ಲ. ಆ ಪಾಟಿನಿಂದ ಒಂದು ಸಲ, ಅವಳು ಕೇಳಿದ ಹಾಗೆ, ಟೀ ಸುರಿದರೆ ದನಿ ವಾಪಸ್ ಬರುತ್ತದೆ ಎಂದು ಹೇಗೋ ತಲೆಗೆ ಹೊಕ್ಕಿತು. ನಾನ್‌ಸೆನ್ಸ್, ಗೊತ್ತು. ಈ ವಯಸ್ಸಿನಲ್ಲಿ ನಾನ್‌ಸೆನ್ಸ್ ಕೂಡ ಕೈಹಿಡಿದು ಕೂರಿಸಿಕೊಳ್ಳುತ್ತದೆ.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಕಾಲು ತೊಳೆದು ದೇವರ ಮನೆಗೆ ಹೋದೆ. ಹೋರಿ ಬಾಗಿಲ ಕಡೆಗೇ ನೋಡುತ್ತಿತ್ತು. ಎತ್ತಿಕೊಂಡೆ. ನೆನೆಸಿದ್ದಕ್ಕಿಂತ ಭಾರವಿತ್ತು. ಸಿಸ್ಟರ್‌ಗಳ ಪಾರ್ಲರಿನಲ್ಲಿ ನೋಡಿದ್ದ ಹಾಗೆಯೇ ಮೊದಲು ಬರೀ ಬಿಸಿನೀರು ಹಾಕಿ ಪಾಟ್ ಬೆಚ್ಚಗೆ ಮಾಡಿದೆ. ಡುಬ್ಬ ತೆಗೆದಾಗ ಬಂದ ಹಬೆಯಲ್ಲಿ ಕರ್ಪೂರ, ಹಳೆಯ ಹಾಲು, ವಿಭೂತಿ, ಅತ್ತೆಯ ಸೀರೆಯ ವಾಸನೆ. ಹಿಂದೆ ಯಾರೋ ನಿಂತಂತಾಯಿತು. ತಿರುಗಿ ನೋಡಲಿಲ್ಲ. ಆ ನೀರನ್ನು ಮೇಲಿನಿಂದಲೇ ಚೆಲ್ಲಿ, ಟೀ ಸೊಪ್ಪು ಹಾಕಿ ಕುದಿನೀರು ಹೊಯ್ದೆ. ಹಾಲಿನ ಟೇಬಲ್ಲಿನ ಮೇಲೆ ಎರಡು ಕಪ್ ಇಟ್ಟು ಕೂತೆ.

ಬಗ್ಗಿಸಿದರೆ ಏನೂ ಬೀಳಲಿಲ್ಲ. ಇನ್ನಷ್ಟು ಬಗ್ಗಿಸಿದೆ. ಒಳಗೇನೋ ಗೊರಗೊರ ಎಂದಿತು, ಮುದುಕರು ಗಂಟಲು ಸರಿಮಾಡಿಕೊಳ್ಳುವ ಹಾಗೆ. ವರ್ಷಗಳ ವಿಭೂತಿಗೆ ಹೋದ ಸೋಮವಾರದ ಹಾಲು ಹೆಪ್ಪುಗಟ್ಟಿ ಬಾಯಿ ಕಟ್ಟಿಹೋಗಿತ್ತು. ಅಲ್ಲಾಡಿಸಿದೆ. ಬೂದಿಬಣ್ಣದ ಒಂದು ಮುದ್ದೆ ಕಪ್ಪಿಗೆ ಬಿತ್ತು. ಅದರ ಹಿಂದೆಯೇ ಟೀ ಬಂತು, ಧಾರೆಯಾಗಿ.

ಆಗ ಕೇಳಿಸಿತು. "ಅಮ್ಮಾ, ಅದು ಟೀ ಪಾಟ್ ರೀ."

ಮಾತು ತಂಗಿಯದು, ರಾಗವೂ ತಂಗಿಯದೇ. ದನಿ ಅತ್ತೆಯದು. ಹಲ್ಲಿಲ್ಲದ ಬಾಯಿಯ, ಕೊನೆಗೆ ಸ್ವಲ್ಪ ನಡುಗುವ ಅತ್ತೆಯ ದನಿ. ಹೊರಗಿನಿಂದ ಬಂತೋ ನನ್ನ ಕಿವಿಯೊಳಗಿನಿಂದಲೇ ಬಂತೋ, ಇವತ್ತಿಗೂ ಹೇಳಲಾರೆ. ಎಷ್ಟೋ ಹೊತ್ತು ಕಾದೆ. ತಂಗಿಯ ಸ್ವಂತ ದನಿ ಬರಲಿಲ್ಲ. ಅದು ಹೋಗಿದೆ. ಸೋಮವಾರ ಸೋಮವಾರ ಅತ್ತೆ ತಮ್ಮ ಬಾಯಲ್ಲಿ ಇಟ್ಟುಕೊಂಡು ಕಾಪಾಡಿದ್ದಷ್ಟೇ ಉಳಿದಿದೆ. ಅತ್ತೆಯನ್ನು ಬಿಟ್ಟು ತಂಗಿಯೊಬ್ಬಳನ್ನೇ ಕರೆಯಲು ಇನ್ನು ನನಗೆ ದಾರಿಯಿಲ್ಲ. ನನ್ನ ಕಪ್ ಕುಡಿದೆ. ವಿಭೂತಿ ನಾಲಿಗೆಗೆ ಮೆತ್ತಿಕೊಂಡಿತು.

ಸೊಸೆ ಬಂದಾಗ ಎರಡನೆಯ ಕಪ್ ತುಂಬಿದ್ದು ಹಾಗೆಯೇ ಇತ್ತು. ಯಾರು ಬಂದಿದ್ದರು ಎಂದು ಕೇಳಿದಳು. ಟೇಬಲ್ಲಿನ ಮೇಲಿದ್ದ ಹೋರಿಯನ್ನು ನೋಡಿದಳು, ನನ್ನ ಮುಖ ನೋಡಿದಳು. ಬ್ಯಾಗ್ ಕೆಳಗಿಟ್ಟು, ಎದುರಿನ ಕುರ್ಚಿಯಲ್ಲಿ ಕೂತು, ಆರಿಹೋಗಿದ್ದ ಆ ಕಪ್ಪನ್ನು ಎತ್ತಿ ಕುಡಿದಳು. ಮುಖ ಕಿವಿಚಿದಳು. ಆದರೂ ಪೂರ್ತಿ ಕುಡಿದಳು.

"ಸೋಮವಾರಕ್ಕೆ ಬೇಕು ಅತ್ತೆ," ಎಂದಳು. "ಚೆನ್ನಾಗ್ ತೊಳ್ದಿಡಿ."

ತೊಳೆದೆ, ನನ್ನ ಕೈಲಾದಷ್ಟು. ಆ ಸೋಮವಾರ ಅವಳು ಹಾಲು ಎರೆಯುವಾಗ ನಾನು ಹೊಸ್ತಿಲ ಹೊರಗೇ ಇದ್ದೆ. ಹೋರಿಯ ಬಾಯಿಂದ ಬಿದ್ದ ಹಾಲಿಗೆ ತೆಳುವಾಗಿ ಟೀ ಬಣ್ಣವಿತ್ತು. ಲಿಂಗದ ತಲೆಯಿಂದ ಇಳಿದು ಕಡಪ ಕಲ್ಲಿನ ಮೇಲೆ ಹರಡಿತು. ಆ ಬಣ್ಣ ಕಂಡು ಅವಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಕೊನೆಯ ತೊಟ್ಟಿನವರೆಗೂ ಎರೆದಳು.