ಆ ಬನ್ನು ನನ್ನ ಭಟ್ಟಿಯದು

ನೀಲವ್ವಾ, ನಿನ್ನ ಮಗಳು ಕಸ್ತೂರಿ ಸತ್ತದ್ದು ನಿನ್ನ ಕೈಯಡಿಗೆಯಿಂದ ಅಲ್ಲ. ನನ್ನ ಬೇಕರಿಯ ಬನ್ನಿನಿಂದ. ಅದು ನನಗೆ ಆ ದಿನವೇ ಗೊತ್ತಿತ್ತು.

ಎಪ್ಪತ್ತರ ದಶಕದ ಒಂದು ಶ್ರಾವಣ. ಜೋರಾಪುರ ಪೇಟೆಯಲ್ಲಿ ನನ್ನ ಬೇಕರಿ, ಎದುರಿಗೆ ನಿನ್ನ ಗಂಡನ ಮನೆ. ನನಗೆ ಮೈದಾ ತಂದ ಲಾರಿಯಲ್ಲೇ ತಿಕೋಟಾಕ್ಕೆ ಹೋಗಬೇಕಾದ ಡಬ್ಬಿಗಳೂ ಇದ್ದವು — ಹತ್ತಿಗೆ ಹೊಡೆಯುವ ಎಣ್ಣೆ, ಹುಳ ಸಾಯುವ ವಿಷ. ಒಂದು ಡಬ್ಬಿ ಸೋರಿತ್ತು. ಡ್ರೈವರ್ ಎಚ್ಚರಿಸಿದ: "ಸಾವಕಾರ್ರ, ಈ ಚೀಲಕ್ಕ ಎಣ್ಣಿ ಹತ್ತೇತ್ರಿ. ಚೆಲ್ಲಿಬಿಡ್ರಿ."

ಮೂಸಿ ನೋಡಿದೆ. ಕೊಳೆತ ಬೆಳ್ಳುಳ್ಳಿಯಂಥ ಘಾಟು. ತೊಯ್ದ ಹಿಟ್ಟನ್ನು ಮೇಲಿಂದ ಕೆರೆದು ತೆಗೆದೆ; ಉಳಿದದ್ದು ಬೆಳ್ಳಗೇ ಕಂಡಿತು. ಮೈದಾ ಸಿಗುವುದೇ ಕಷ್ಟವಾಗಿದ್ದ ದಿನಗಳು. ಭಟ್ಟಿಯ ಬೆಂಕಿಯಲ್ಲಿ ಯಾವ ವಿಷ ಉಳಿದೀತು ಅಂದುಕೊಂಡು ಆ ಹಿಟ್ಟನ್ನೇ ಬನ್ನಿಗೆ ನಾದಿದೆ. ನಿಜವಾಗಿ ನಂಬಿದೆನೋ — ನಂಬುವುದು ನನಗೆ ಬೇಕಾಗಿತ್ತೋ —

ಮರುದಿನ ಸಾಲಿಗೆ ಹೊರಟ ಕಸ್ತೂರಿ ಅಂಗಡಿ ಮುಂದೆ ನಿಂತಳು. ಆರು ವರ್ಷದ ಕೂಸು. "ಕಾಕಾ, ಬಿಸೀದು ಕೊಡ್ರಿ." ಒಂದು ಕೇಳಿದಳು, ನಾನು ಎರಡು ಕೊಟ್ಟೆ. ಪ್ರೀತಿಯಿಂದಲೇ ಕೊಟ್ಟೆ, ನೀಲವ್ವಾ.

ಎರಡು ತಾಸಿನೊಳಗೆ ಅವಳನ್ನು ಸಾಲಿಯಿಂದ ಹೊತ್ತು ತಂದರು. ಬಾಯಿಂದ ಜೊಲ್ಲು, ಮೈತುಂಬ ಬೆವರು, ಕೈಕಾಲು ಅದುರುತ್ತಿದ್ದವು. ದವಾಖಾನೆಗೆ ಎತ್ತಿಕೊಂಡು ಓಡಿದವನು ನಾನೇ. ಡಾಕ್ಟರು ಅವಳ ಕಣ್ಣು ಬಿಡಿಸಿ ನೋಡಿದರು.

"ಏನ್ ತಿಂದಾಳ? ಲಗೂ ಹೇಳ್ರಿ. ವಿಷ ಯಾವುದಂತ ಗೊತ್ತಾದ್ರ ಅದಕ್ಕ ಸೂಜಿ ಐತಿ."

ನೀನು ಅಳುತ್ತ ಅಂದಿ: "ನಿನ್ನಿ ಉಳಿದಿದ್ದ ಪುಂಡಿಪಲ್ಯೆ, ರೊಟ್ಟಿರಿ... ಮತ್ತ ಅಣ್ಣಾರ ಅಂಗಡಿ ಬನ್ನರಿ."

ಡಾಕ್ಟರು ನನ್ನ ಕಡೆ ತಿರುಗಿದರು.

"ಬನ್ನಿನಾಗ ಏನಿಲ್ರಿ," ಅಂದೆ. "ಪೇಟಿ ಮಂದಿ ಎಲ್ಲಾ ತಿಂದಾರ."

ಹಳಸಿದ ಪಲ್ಯೆಯದೇ ಕಾಟವೆಂದು ಅದಕ್ಕೇ ಔಷಧ ನಡೆಸಿದರು. ನಾನು ಮಂಚದ ಕಾಲ ಬಳಿ ನಿಂತಿದ್ದೆ. ಈಗ ಹೇಳಿಬಿಡಲಿ, ಈಗ — ಮಧ್ಯಾಹ್ನಕ್ಕೆ ಕಸ್ತೂರಿ ಹೋದಳು. ನಾನು ಬೇಕರಿಗೆ ಬಂದು ಉಳಿದ ಬನ್ನುಗಳನ್ನು ಭಟ್ಟಿಗೆ ಹಾಕಿ ಸುಟ್ಟೆ. ಅಷ್ಟರಲ್ಲಿ ಪೇಟೆಯ ಇನ್ನೂ ಕೆಲವರು ವಾಂತಿ ಮಾಡಿಕೊಂಡಿದ್ದರು, ಅವರು ಬದುಕಿದರು. ನೀರು ಕೆಟ್ಟೈತಿ ಅಂದಿತು ಪೇಟೆ. ನಾನೂ ಹೌದೆಂದೆ.

ಆದರೆ ಡಾಕ್ಟರ ಮಾತು ಹಿಡಿದು ನಿನ್ನ ಅತ್ತೆ ಅಂಗಳದಲ್ಲಿ ನಿಂತು ಕೂಗಿದಳು: "ಹಳಸಿದ್ದು ತಿನಿಸಿ ಕೂಸಿನ್ನ ಕೊಂದೆಲ್ಲ ಬೇ!" ನಾನು ಎದುರಿನ ಕಟ್ಟೆಯ ಮೇಲೆ ಕುಳಿತು ಕೇಳಿದೆ. ತಿಂಗಳೊಳಗೆ ನಿನ್ನನ್ನು ಬಬಲೇಶ್ವರದ ತವರಿಗೆ ಕಳಿಸಿದರು. ಟಾಂಗಾ ಹತ್ತುವ ಮೊದಲು ನೀನು ನನಗೆ ಕೈಮುಗಿದಿ: "ಅಣ್ಣಾರ, ನನ್ನ ಕೂಸಿನ್ನ ಎತಗೊಂಡು ಓಡಿದ್ರಿ. ನಿಮ್ಮ ಉಪಕಾರ ಮರಿಯಂಗಿಲ್ರಿ."

ನಾನು ನಿನ್ನ ಗಂಟನ್ನು ಎತ್ತಿ ಟಾಂಗಾದೊಳಗೆ ಇಟ್ಟೆ.

ಇಂದಿಗೂ ನೀನು ಯಾವ ಮಗುವಿಗೂ ಒಂದು ತುತ್ತು ತಿನಿಸುವುದಿಲ್ಲವಂತೆ. ತವರಿನಲ್ಲಿ ನಿನ್ನ ಅಣ್ಣನ ಮೊಮ್ಮಕ್ಕಳು ಬಟ್ಟಲು ಹಿಡಿದು ಬಂದರೆ ಎದ್ದು ಹೊರಗೆ ಹೋಗುತ್ತೀಯಂತೆ. ಮೊನ್ನೆ ನಿಮ್ಮೂರಿನವರೊಬ್ಬರು ಹೇಳಿದರು. ಆ ಹೊತ್ತಿನಿಂದ ನನಗೆ ಕೂತಲ್ಲಿ ಕೂರಲಾಗಿಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ನಿನ್ನೆ ನಿನ್ನ ಗಂಡನ ಮುಂದೆ ಓದಿದೆ. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನಾಳೆ ಮುಂಜಾನೆಯ ಬಸ್ಸಿಗೆ ನಾನೇ ಈ ಕಾಗದ ಹಿಡಿದು ಬಬಲೇಶ್ವರಕ್ಕೆ ಬರುತ್ತೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನಿನ್ನ ಓಣಿಯ ಮಂದಿಯನ್ನೆಲ್ಲ ಕರೆದು, ಕಸ್ತೂರಿಯನ್ನು ಕೊಂದವನು ನಾನು ಎಂದು ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ನೀನು ಏನು ಮಾಡಿದರೂ ಅಲ್ಲೇ ನಿಂತಿರುತ್ತೇನೆ.