ಚೀಟಿ ಅಂಟಿಸದ ಕಂದು

ಡ್ರಾಯಿಂಗ್ ಮೇಷ್ಟ್ರ ಕೆಳತುಟಿಯ ನಟ್ಟನಡುವೆ ಯಾವಾಗಲೂ ಒಂದು ಬಣ್ಣದ ಚುಕ್ಕೆ ಇರುತ್ತಿತ್ತು. ಕುಂಚದ ಕೂದಲು ಚೆದುರಿದರೆ ತುಟಿಗೆ ಒತ್ತಿ, ತಿರುಗಿಸಿ, ಮೊನೆ ಮಾಡಿಕೊಳ್ಳುವುದು ಅವರ ಅಭ್ಯಾಸ. ಒಂದು ದಿನ ಮಸಿ, ಇನ್ನೊಂದು ದಿನ ಅರಿಶಿನ. "ಸಾರಿಗೆ ಉಪ್ಪು ಕಮ್ಮಿ ಅಂತ ನಂಗೇ ಹೇಳ್ತಾರೆ ಕಣವ್ವ. ಮಸಿ ತಿನ್ನೋ ಬಾಯಿಗೆ ಉಪ್ಪು ಯಾತಕ್ಕೆ?" ಎಂದು ಅವರ ಹೆಂಡತಿ ಆಡಿಕೊಳ್ಳುತ್ತಿದ್ದರು.

ನಾನು ಅವರ ಬಳಿ ಕಲಿಯಲು ಹೋದದ್ದು ಮದುವೆಯಾದ ಮೇಲೆ. ನನ್ನ ಅತ್ತೆಮನೆ ಹುಣಸೂರಿನ ಪಕ್ಕದ ಹಳ್ಳಿ. ಹೊಗೆಸೊಪ್ಪು ಬೆಳೆಯುವ ಕುಟುಂಬ. ಮೇಷ್ಟ್ರು ನಿವೃತ್ತರಾಗಿ ರಾವಂದೂರಿನಲ್ಲಿದ್ದರು. ಮಕ್ಕಳ ಕತೆಪುಸ್ತಕಗಳಿಗೆ ಚಿತ್ರ ಬರೆಯಬೇಕೆಂಬ ನನ್ನ ಆಸೆ ಕೇಳಿ ನಗಲಿಲ್ಲ. ನಾನು ಕೊಂಡೊಯ್ದಿದ್ದ ಹೊಸ ಬಣ್ಣದ ಪೆಟ್ಟಿಗೆಯನ್ನು ಮಾತ್ರ ಮುಚ್ಚಿ ಅಟ್ಟದ ಮೇಲಿಟ್ಟರು.

"ಇದು ಆಮ್ಯಾಕೆ. ಮೊದ್ಲು ನಿನ್ನ ಮನೇಲಿರೋದ್ರಲ್ಲಿ ಬರಿ. ಕೆಡ್ಸು. ಕೆಡ್ಸದೆ ಕೈಗೆ ಏನೂ ಅತ್ತಕಿಲ್ಲ."

ಭಾನುವಾರಗಳೆಲ್ಲ ಕೆಡಿಸುವುದರಲ್ಲೇ ಕಳೆದವು. ಹುಣಸೆ ಕಡ್ಡಿ ಸುಟ್ಟು ಇದ್ದಿಲು ಮಾಡಿದೆವು. ದೀಪದ ಮಸಿಗೆ ಜಾಲಿಯ ಅಂಟು ಕಲಸಿದೆವು. ಅಂಟು ಹೆಚ್ಚಾದರೆ ಒಣಗಿ ಬಿರುಕು, ಕಡಿಮೆಯಾದರೆ ಬಣ್ಣ ಬೆರಳಿಗೇ ಬರುತ್ತಿತ್ತು. ಅರಿಶಿನಕ್ಕೆ ಸುಣ್ಣ ಬೆರೆಸಿದಾಗ ಬಂದ ಕೆಂಪು ನೋಡಿ ನಾನು ಕುಣಿದೆ. ಅವರು ಅದನ್ನು ಹಾಳೆಗೆ ಬಳಿದು, ಅರ್ಧಕ್ಕೆ ರಟ್ಟು ಮುಚ್ಚಿ ಬಿಸಿಲಿಗಿಟ್ಟರು. ಮುಂದಿನ ಭಾನುವಾರ ತೆರೆದರೆ ಬಿಸಿಲು ಬಿದ್ದ ಅರ್ಧ ಪೇಲವವಾಗಿತ್ತು. "ಈ ಕೆಂಪಲ್ಲಿ ಮದುವಣಗಿತ್ತಿ ಬರೆದ್ರೆ ಬೀಗರೂಟದ ಒತ್ಗೆ ಬಿಳಿ ಸೀರೆ ಉಟ್ಟಿರ್ತಾಳೆ," ಎಂದರು. ಪ್ರತಿ ಪ್ರಯೋಗವೂ ಹಳೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ. ಕೆಳಗೆ ಏನು, ಎಷ್ಟು ಎಂದು ಬರೆಯಲೇಬೇಕು.

ನಮಗೆ ಸಿಗದೆ ಉಳಿದದ್ದು ಒಳ್ಳೆಯ ಕಂದು. ಟೀ ತೆಳು, ಕಾಫಿ ಹರಡುತ್ತಿತ್ತು. ಗಿಡದಿಂದ ಹೊಗೆಸೊಪ್ಪು ಮುರಿಯುವ ದಿನಗಳಲ್ಲಿ ಒಮ್ಮೆ ನನ್ನ ಅಂಗೈ ನೋಡಿಕೊಂಡೆ. ಎಲೆಯ ಜಿಗುಟು ಸೋಪಿಗೂ ಹೋಗದೆ ಗಾಢವಾಗಿ ಕೂತಿತ್ತು. ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಹದ ಮಾಡುವ ಬಿಸಿಗೂಡಿನಲ್ಲಿ, ಬೇಯಿಸಿ ಒಣಗಿಸಿದ ಎಲೆಯ ಚೂರುಗಳನ್ನು ತಂದು, ನೀರಿನಲ್ಲಿ ಕುದಿಸಿ ಕುದಿಸಿ ಪಾಕದಂತೆ ಇಳಿಸಿದೆ. ಬೂಷ್ಟು ಹಿಡಿಯದಿರಲೆಂದು ಅವರೇ ಹೇಳಿಕೊಟ್ಟಂತೆ ಲವಂಗ ಹಾಕಿದೆ. ಬಾಟಲಿಗೆ ಚೀಟಿ ಅಂಟಿಸಲಿಲ್ಲ. ಒಮ್ಮೆಯಾದರೂ ಅವರನ್ನು ಬೆರಗುಗೊಳಿಸುವ ಆಸೆ.

"ಏನವ್ವ ಇದು?"

"ಬರೆದು ನೋಡಿ ಸಾ. ಆಮೇಲೆ ಹೇಳ್ತೀನಿ."

ಮೂಸಿದರು. ಲವಂಗದ ಘಾಟಿನಲ್ಲಿ ಬೇರೇನೂ ತಿಳಿಯಲಿಲ್ಲ. ಎತ್ತಿನ ಬೆನ್ನಿನ ಗೆರೆ ಎಳೆದರು. "ಅಬ್ಬಾ, ನಿಲ್ತದಲ್ಲಾ!" ಕುಂಚ ತುಟಿಗೆ ಹೋಯಿತು. ಮುಖ ಕಿವುಚಿ, "ಬೇವಾ?" ಎಂದರು. ನಾನು ನಕ್ಕೆ. ಅವರ ಅಭ್ಯಾಸವನ್ನು ಮೂರು ವರ್ಷದಿಂದ ನೋಡಿಕೊಂಡು ಬಂದಿದ್ದೆ. ಆದರೆ ಆ ಗಳಿಗೆಯಲ್ಲಿ ಗೆರೆಯನ್ನು ಮಾತ್ರ ನೋಡುತ್ತಿದ್ದೆ. ಕೊಂಬು ಬಂತು, ಗೊರಸು ಬಂತು, ಮೂಗುದಾರ ಬಂತು. ಪ್ರತಿಯೊಂದಕ್ಕೂ ಮೊನೆ ಬೇಕಿತ್ತು.

ಬಾಲ ಬರೆಯುವ ಮುಂಚೆ ಕುಂಚ ಕೆಳಗಿಟ್ಟರು. ಹಣೆಯಲ್ಲಿ ಬೆವರು, ಬಾಯಿ ತುಂಬ ಜೊಲ್ಲು. ಆಮೇಲೆ ವಾಂತಿ. ಪಿರಿಯಾಪಟ್ಟಣದ ಆಸ್ಪತ್ರೆಗೆ ಆಟೋದಲ್ಲಿ ಹೋಗುವಾಗ ಅವರ ಹೆಂಡತಿ, "ರಾತ್ರಿ ಪಲ್ಯ ಬಿಸಿ ಮಾಡಿ ಕೊಟ್ಟೆ ಕಣವ್ವ, ಅಳಸಿತ್ತೇನೋ. ನಾನೇ ಕೊಂದ್ಬುಟ್ಟೆ," ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು. ಪಲ್ಯವಲ್ಲ ಎಂದು ನನಗೆ ಗೊತ್ತಿತ್ತು. ದಾರಿಯುದ್ದಕ್ಕೂ ಹೇಳಲಿಲ್ಲ. ಏನು ಹೊಟ್ಟೆಗೆ ಹೋಗಿದೆ ಎಂದು ಡಾಕ್ಟರು ಎರಡನೇ ಸಲ ಕೇಳಿದಾಗ, "ಹೊಗೆಸೊಪ್ಪಿನ ಕಷಾಯ" ಎಂದೆ.

ಮೇಷ್ಟ್ರ ಹೆಂಡತಿ ನನ್ನ ಕಡೆ ತಿರುಗಿದರು. "ದಾರೀಲೇ ಹೇಳಿದ್ರೆ ನಾನೇನು ನಿನ್ನ ತಿಂದ್ಬುಡ್ತಿದ್ನಾ?"

ಮರುದಿನ ಮೇಷ್ಟ್ರು ಕಣ್ಣುಬಿಟ್ಟು ನನ್ನನ್ನು ಹತ್ತಿರ ಕರೆದರು. "ಎಷ್ಟು ಸೊಪ್ಪಿಗೆ ಎಷ್ಟು ನೀರು ಆಕಿದ್ದೆ?" ಅಳುತ್ತಲೇ ಹೇಳಿದೆ. "ಬರೆದಿಡು. ಯಾರೂ ಮಾಡ್ಬ್ಯಾಡಿ ಅಂತಾನೂ ಬರೆದಿಡು. ತುಟಿಗಿಟ್ಟೋನು ನಾನು ಕಣವ್ವ, ನೀನ್ಯಾಕೆ ಅಳ್ತೀಯೆ?"

ಅವರು ಚೇತರಿಸಿಕೊಂಡರು. ಮುಂದಿನ ವರ್ಷ ಬಲಗೈಯಲ್ಲಿ ಸಣ್ಣ ನಡುಕ ಶುರುವಾಯಿತು. ಇದು ವಯಸ್ಸಿನ ಕಾಯಿಲೆ, ಆ ಕಷಾಯಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದರು. ನಾನು ಬೇರೆಯಾಗಿ ಹೋಗಿ ಇನ್ನೊಮ್ಮೆ ಕೇಳಿದೆ. ಅದನ್ನೇ ಹೇಳಿದರು. ಮನಸ್ಸು ಇವತ್ತಿಗೂ ಒಪ್ಪುವುದಿಲ್ಲ.

ಗೆರೆ ನೆಟ್ಟಗೆ ಬಾರದಾದಾಗ ಅವರು ಚುಂಚನಕಟ್ಟೆಗೆ ಹೋಗಿ ಕೂತು, ಧುಮುಕುವ ಕಾವೇರಿಯನ್ನು ಇದ್ದಿಲಿನಲ್ಲಿ ಬರೆಯತೊಡಗಿದರು. ಹಾಳೆಯ ಮೇಲೆ ನೀರು ನಿಜಕ್ಕೂ ಅಲುಗುತ್ತಿತ್ತು. "ಇಷ್ಟು ವರ್ಷ ನಂಗೆ ನೀರು ಬರೆಯಕ್ಕೆ ಬರ್ನಿಲ್ಲ. ಈಗ ನೋಡು, ಕೈಯೇ ಬರೀತದೆ," ಎಂದು ನಕ್ಕರು.

ಹೋದ ವರ್ಷ ನಿದ್ದೆಯಲ್ಲೇ ತೀರಿಕೊಂಡರು. ತಿಥಿಯ ದಿನ ಅವರ ಹೆಂಡತಿ ಆ ನೀರಿನ ಚಿತ್ರಗಳಲ್ಲೊಂದನ್ನು ನನ್ನ ಕೈಗಿಟ್ಟು ಒಳಗೆ ಹೋದರು. ಅದು ಈಗ ನನ್ನ ಮೇಜಿನ ಎದುರಿಗಿದೆ. ನಾನು ಚಿತ್ರ ಬರೆಯುತ್ತಿರುವ ಪುಸ್ತಕದಲ್ಲಿ ಹೊಳೆ ದಾಟುವ ಮೇಕೆಮರಿಯ ಕತೆ. ಮೇಕೆ ಆಯಿತು, ದಡವಾಯಿತು. ನೀರಿಗೆ ಬಂದರೆ ನನ್ನ ಗೆರೆ ಗಟ್ಟಿಯಾಗಿ ನಿಂತುಬಿಡುತ್ತದೆ, ಹರಿಯುವುದಿಲ್ಲ. ಹೊಳೆಯ ಜಾಗವನ್ನು ಖಾಲಿ ಬಿಟ್ಟು, ಪ್ರಕಾಶಕರಲ್ಲಿ ಇನ್ನೊಂದು ವಾರದ ಸಮಯ ಕೇಳಿದ್ದೇನೆ.